ಹಾಕಿದ ಮತ ಎಲ್ಲಿಗೆ ಹೋಯಿತು?

(2025ರ ಅಕ್ಟೋಬರ್ ಕೊನೆಯಲ್ಲಿ ಅಮೆರಿಕದ ಒಹಾಯೊ ರಾಜ್ಯದ ಸಿನ್ಸಿನಾಟಿಯ ಕನ್ನಡಿಗರ ಸಭೆಯಲ್ಲಿ ಮಾಡಿದ ಉಪನ್ಯಾಸ)

ಹಿರಿಯರೇ, ಗೆಳೆಯರೇ,

ರಾಜ್ಯೋತ್ಸವದ ನಾಟಕದ ತಾಲೀಮನ್ನು ಸ್ವಲ್ಪ ಹೊತ್ತು ಮುಂದಕ್ಕೆ ಹಾಕಿ ಈ ಸಭಾಂಗಣವನ್ನು ನನ್ನ ಮಾತಿಗೆ ಬಿಟ್ಟುಕೊಟ್ಟಿದ್ದೀರಿ. ಇವತ್ತೇ ಮಾತನಾಡಬೇಕೆಂದು ನಾನು ಹಟ ಹಿಡಿದದ್ದಕ್ಕೆ ಕಾರಣವಿದೆ. ನವೆಂಬರ್ 1ಕ್ಕೆ ನಾವು ಇಲ್ಲಿ ಬಾವುಟ ಏರಿಸುತ್ತೇವೆ. ಅದಾಗಿ ಮೂರೇ ದಿನಕ್ಕೆ, 4ನೆಯ ತಾರೀಖಿನ ಮಂಗಳವಾರ, ಈ ಊರು ತನ್ನ ಮೇಯರನ್ನೂ ಕೌನ್ಸಿಲಿನ, ಅಂದರೆ ನಗರಸಭೆಯ, ಒಂಬತ್ತು ಸದಸ್ಯರನ್ನೂ ಆರಿಸುತ್ತದೆ. ನೂರು ವರ್ಷಗಳ ಹಿಂದೆ, 1925ರ ನವೆಂಬರಿನಲ್ಲಿ, ಇದೇ ಊರು ಇಷ್ಟೇ ಒಂಬತ್ತು ಜನರನ್ನು ಬೇರೊಂದು ರೀತಿಯಲ್ಲಿ ಆರಿಸಿಕೊಂಡಿತ್ತು. ಆ ರೀತಿಯನ್ನು ಅದು ಹೇಗೆ ಗಳಿಸಿತು, ಹೇಗೆ ಕಳೆದುಕೊಂಡಿತು ಎಂಬುದು ನನ್ನ ವಿಷಯ.

ಮೇಯರ್ ಸ್ಪರ್ಧೆಯ ಬಗ್ಗೆ ನಿಮಗೆ ಹೊಸದಾಗಿ ಹೇಳಬೇಕಾದ್ದು ಏನೂ ಇಲ್ಲ. ಈಗಿನ ಮೇಯರ್ ಅಫ್ತಾಬ್ ಪುರೆವಾಲ್ ಅವರ ತಂದೆ ಪಂಜಾಬಿನವರು. ತಾಯಿ ಟಿಬೆಟ್ಟಿನಿಂದ ಬಂದು ದಕ್ಷಿಣ ಭಾರತದ ನಿರಾಶ್ರಿತರ ನಡುವೆ ಬೆಳೆದವರು. ಬೈಲಕುಪ್ಪೆ, ಮುಂಡಗೋಡುಗಳನ್ನು ಕಂಡ ನಮಗೆ ಆ ಬದುಕು ಅಪರಿಚಿತವಲ್ಲ. ಅವರ ಎದುರು ನಿಂತಿರುವ ಕೋರಿ ಬೌಮನ್ ಉಪಾಧ್ಯಕ್ಷ ವ್ಯಾನ್ಸ್ ಅವರ ಮಲಸಹೋದರ. ಈ ಕಾರಣಕ್ಕೆ ದೇಶದ ಪತ್ರಿಕೆಗಳೆಲ್ಲ ಈ ಸಲ ನಮ್ಮ ಊರಿನ ಕಡೆ ನೋಡುತ್ತಿವೆ. ಆದರೆ ಅವು ನೋಡುತ್ತಿರುವುದು ಮೇಯರ್ ಕುರ್ಚಿಯನ್ನು ಮಾತ್ರ. ಬೀದಿ, ನೀರು, ಪೊಲೀಸು, ಮನೆ ಕಟ್ಟಲು ಪರವಾನಗಿ, ಇವೆಲ್ಲದರ ಬಜೆಟ್ಟಿಗೆ ಕೈ ಎತ್ತುವವರು ಆ ಒಂಬತ್ತು ಜನ.

ಈ ಸಭೆಯಲ್ಲಿರುವ ಬಹಳ ಮಂದಿಯ ಮನೆ ಮೇಸನ್‌ನಲ್ಲೋ ವೆಸ್ಟ್ ಚೆಸ್ಟರಿನಲ್ಲೋ ಬ್ಲೂ ಆಶ್‌ನಲ್ಲೋ ಇದೆ ಎಂಬುದು ನನಗೆ ಗೊತ್ತು. ನಗರದ ಮತಪತ್ರ ನಿಮಗೆ ಬರುವುದಿಲ್ಲ. ಆದರೆ ಡೌನ್‌ಟೌನಿನ ಆಫೀಸಿನಲ್ಲಿ ಕೂತು ದುಡಿದ ಸಂಬಳದಲ್ಲಿ ಶೇ. 1.8ರಷ್ಟನ್ನು ನಗರ ಹಿಡಿದುಕೊಳ್ಳುತ್ತದೆ. ಸಂಬಳದ ಚೀಟಿಯಲ್ಲಿ ಆ ಸಾಲು ಇದೆ, ನಾಳೆ ನೋಡಿಕೊಳ್ಳಿ. ಹಣ ಕೊಡುವವರಿಗೆ ಅದನ್ನು ಹಂಚುವವರು ಯಾರೆಂದು ತಿಳಿದಿರಬೇಕು. ಆದ್ದರಿಂದ ಈ ಮಾತು ಮತದಾರರಿಗೆ ಎಷ್ಟೋ ನಿಮಗೂ ಅಷ್ಟೇ.

ಇನ್ನು, ಈ ವಿಷಯ ನನ್ನ ತಲೆಗೆ ಹೊಕ್ಕದ್ದು ಹೇಗೆಂದು ಹೇಳುತ್ತೇನೆ. ಪೌರತ್ವ ಬಂದ ಮೇಲೆ 2021ರಲ್ಲಿ ನಾನು ಮೊದಲ ಸಲ ಈ ಊರಿನ ಕೌನ್ಸಿಲಿಗೆ ಮತ ಹಾಕಿದೆ. ಮತಪತ್ರ ಅಂಚೆಯಲ್ಲಿ ಬಂದಿತ್ತು. ಅಡುಗೆಮನೆಯ ಮೇಜಿನ ಮೇಲೆ ಅದನ್ನು ಬಿಡಿಸಿ ಹರಡಿದರೆ ಮೂವತ್ತಕ್ಕೂ ಹೆಚ್ಚು ಹೆಸರುಗಳು, ಪ್ರತಿ ಹೆಸರಿನ ಎಡಕ್ಕೆ ಎಳ್ಳಿನಾಕಾರದ ಒಂದೊಂದು ಖಾಲಿ ಗುರುತು. ಪಕ್ಷದ ಹೆಸರಿಲ್ಲ, ಚಿಹ್ನೆಯಿಲ್ಲ. ಒಂಬತ್ತರವರೆಗೆ ಎಷ್ಟು ಬೇಕಾದರೂ ಗುರುತು ತುಂಬಬಹುದು. ವಾರ್ಡುಗಳಿಲ್ಲ; ಇಡೀ ಊರೇ ಒಂದು ಕ್ಷೇತ್ರ, ಅತಿ ಹೆಚ್ಚು ಮತ ಪಡೆದ ಒಂಬತ್ತು ಮಂದಿಗೆ ಗೆಲುವು. ನನಗೆ ನಿಜವಾಗಿ ಬೇಕಾಗಿದ್ದವರು ಮೂವರು. ಕೊಟ್ಟ ಹಕ್ಕನ್ನು ಪೋಲು ಮಾಡಬಾರದೆಂಬ ಸಂಸ್ಕಾರ ನಮ್ಮದಲ್ಲವೇ, ಎಲೆಯ ಮೇಲೆ ಬಡಿಸಿದ್ದನ್ನು ಬಿಡದವರು ನಾವು; ಉಳಿದ ಆರನ್ನೂ ತುಂಬಿದೆ. ಯಾರ ಹೆಸರು ಎಲ್ಲೋ ಕೇಳಿದ ಹಾಗಿತ್ತೋ ಅವರಿಗೆ, ಯಾರ ಫಲಕ ಅಂಗಳಗಳಲ್ಲಿ ಹೆಚ್ಚು ಕಂಡಿತ್ತೋ ಅವರಿಗೆ.

ಪಕ್ಕದ ಮನೆಯಲ್ಲಿ ಒಬ್ಬ ನಿವೃತ್ತ ಶಿಕ್ಷಕಿ ಇದ್ದರು. ಮರುದಿನ ಬೇಲಿಯ ಆಚೆ ನಿಂತು ನನ್ನ ಸಾಹಸವನ್ನು ಕೇಳಿ ಅವರು ಹೇಳಿದರು: 'ಹಾಗಾದರೆ ನಿನ್ನ ಒಂಬತ್ತನೆಯ ಮತವೇ ನಿನ್ನ ಮೊದಲನೆಯವನನ್ನು ಸೋಲಿಸಬಹುದು.' ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ನಾನು ಮನಸಾರೆ ಬಯಸಿದ ಅಭ್ಯರ್ಥಿಯೂ ಸುಮ್ಮನೆ ತುಂಬಿದ ಅಭ್ಯರ್ಥಿಯೂ ಒಂಬತ್ತನೆಯ ಜಾಗಕ್ಕೆ ಪೈಪೋಟಿ ನಡೆಸುತ್ತಿದ್ದರೆ, ನಾನು ಇಬ್ಬರಿಗೂ ಸಮನಾದ ತೂಕ ಕೊಟ್ಟು ನನ್ನ ಬಯಕೆಯನ್ನು ನಾನೇ ಅಳಿಸಿಹಾಕಿದ್ದೇನೆ. ಹೀಗಾಗಿಯೇ ತಿಳಿದವರು ಇಲ್ಲಿ ಎಂಟು ಜಾಗಗಳನ್ನು ಖಾಲಿ ಬಿಟ್ಟು ಒಬ್ಬರಿಗೇ ಮತ ಹಾಕುತ್ತಾರೆ. ಕೊನೆಗೆ ಆಕೆ ಅಂದದ್ದು ಇನ್ನೂ ಕಿವಿಯಲ್ಲಿದೆ: 'ನನ್ನ ಅಮ್ಮ ಗುರುತು ತುಂಬುತ್ತಿರಲಿಲ್ಲ. ಒಂದು, ಎರಡು, ಮೂರು ಎಂದು ಅಂಕಿ ಬರೆಯುತ್ತಿದ್ದರು.'

ಆ ಅಂಕಿಗಳ ಹಿಂದೆ ಹೊರಟವನು ನಾನು.

1880ರ ದಶಕದಿಂದ ಈ ಊರನ್ನು ಆಳಿದವನು ಜಾರ್ಜ್ ಕಾಕ್ಸ್ ಎಂಬ ಹೆಂಡದಂಗಡಿಯ ಯಜಮಾನ. ಅವನ ನಂತರ ರಿಪಬ್ಲಿಕನ್ ಯಂತ್ರದ ಚುಕ್ಕಾಣಿ ಹಿಡಿದ ರುಡಾಲ್ಫ್ ಹೈನಿಕಾ ಹೆಚ್ಚಿನ ಕಾಲ ನ್ಯೂಯಾರ್ಕಿನಲ್ಲಿ ನಾಟಕಶಾಲೆಗಳ ವ್ಯವಹಾರ ನೋಡಿಕೊಂಡು, ಅಲ್ಲಿಂದಲೇ ಸಿನ್ಸಿನಾಟಿಯನ್ನು ನಡೆಸಿದ. ಬೀದಿಗಳು ಹಾಳು, ಬೊಕ್ಕಸ ಬರಿದು, ಮೇಲೆ ಸಾಲ. ಆಗ ಕೌನ್ಸಿಲಿಗೆ 32 ಸದಸ್ಯರು. ಹಳೆಯ ಪದ್ಧತಿಯ ಕೊನೆಯ ಚುನಾವಣೆಯಲ್ಲಿ ರಿಪಬ್ಲಿಕನ್ನರಿಗೆ ಬಂದ ಮತ ಶೇ. 55.8, ಬಂದ ಸ್ಥಾನ 31. ಹತ್ತಿರ ಹತ್ತಿರ ಅರ್ಧ ಊರಿನ ಮತಕ್ಕೆ ಸಿಕ್ಕದ್ದು ಒಂದು ಕುರ್ಚಿ. ಮತ ಹಾಕಿದವರು ಇದ್ದರು, ಪೆಟ್ಟಿಗೆ ಇತ್ತು, ಎಣಿಕೆಯೂ ನಡೆಯಿತು. ಹಾಕಿದ ಮತ ಎಲ್ಲಿಗೆ ಹೋಯಿತು?

ಮರ್ರೆ ಸೀಸನ್‌ಗುಡ್ ಎಂಬ ವಕೀಲರು 1923ರಲ್ಲಿ ಹೊಸ ತೆರಿಗೆಯೊಂದನ್ನು ವಿರೋಧಿಸಿ ಎದ್ದು ನಿಂತರು. ಅದು ಚಳವಳಿಯಾಯಿತು. 1924ರಲ್ಲಿ ಮತದಾರರು ಎರಡಕ್ಕೆ ಒಂದಕ್ಕಿಂತ ಹೆಚ್ಚಿನ ಅಂತರದಿಂದ ಹೊಸ ಚಾರ್ಟರನ್ನು, ಅಂದರೆ ನಗರದ ಆಡಳಿತದ ಮೂಲ ಸನದನ್ನು, ಒಪ್ಪಿದರು. ಕೌನ್ಸಿಲ್ 32ರಿಂದ 9ಕ್ಕೆ ಇಳಿಯಿತು. ಆಡಳಿತಕ್ಕೆ ಕೌನ್ಸಿಲೇ ನೇಮಿಸುವ ಸಿಟಿ ಮ್ಯಾನೇಜರ್ ಬಂದರು. ಆಯ್ಕೆಗೆ ಪ್ರಾಶಸ್ತ್ಯ ಮತ ಬಂತು.

ಪ್ರಾಶಸ್ತ್ಯ ಮತ ಎಂಬ ಶಬ್ದವನ್ನು ನಾನು ಈ ಉಪನ್ಯಾಸಕ್ಕಾಗಿ ಹುಡುಕಬೇಕಾಗಿ ಬರಲಿಲ್ಲ. ಊರಲ್ಲಿ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಕ್ಕೆ ಮತ ಹಾಕಿದವರು ನಿಮ್ಮಲ್ಲಿ ಇದ್ದಾರೆ. ಹೆಸರಿನ ಮುಂದೆ 1 ಎಂದು ಬರೆದು, ಬೇಕಾದರೆ 2, 3 ಎಂದು ಮುಂದುವರಿದವರು. ರಾಜ್ಯಸಭೆಗೆ ನಮ್ಮ ಶಾಸಕರು ಮತ ಹಾಕುವುದೂ ಹೀಗೆಯೇ. ಅದೇ ಕುಲದ ಪದ್ಧತಿ ಇಲ್ಲಿ ಹಾಲಿನವನಿಗೂ ಬ್ಯಾಂಕಿನವನಿಗೂ ಒಂದೇ ಸಮನಾಗಿ ಇತ್ತು.

ಎಣಿಕೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಸೊಗಸು ಇರುವುದು ಅಲ್ಲೇ. ಹತ್ತು ಸಾವಿರ ಮತ ಬಿದ್ದಿವೆ ಎಂದಿಟ್ಟುಕೊಳ್ಳಿ. ಒಂಬತ್ತು ಸ್ಥಾನಕ್ಕೆ ಒಂದು ಸೇರಿಸಿ ಹತ್ತರಿಂದ ಭಾಗಿಸಿ, ಬಂದದ್ದಕ್ಕೆ ಒಂದು ಕೂಡಿಸಿದರೆ 1,001. ಅಷ್ಟು ಮತ ಪಡೆದವರು ಗೆದ್ದ ಹಾಗೆ, ಏಕೆಂದರೆ ಹತ್ತು ಜನ ಅಷ್ಟನ್ನು ಪಡೆಯುವುದು ಸಾಧ್ಯವೇ ಇಲ್ಲ. ಒಬ್ಬರಿಗೆ 1,251 ಬಂದರೆ 250 ಹೆಚ್ಚುವರಿ. ಆ 250 ಮಂದಿಯ ಮತ ವ್ಯರ್ಥವಾಗಬಾರದು. ಅದು ಅವರ ಎರಡನೆಯ ಆಯ್ಕೆಗೆ ಹೋಗಬೇಕು. ಯಾವ 250? ಸಿನ್ಸಿನಾಟಿಯವರು ಇದಕ್ಕೊಂದು ನೇರವಾದ ಉಪಾಯ ಹೂಡಿದರು: ಮತಪತ್ರಗಳಿಗೆ ಕ್ರಮಸಂಖ್ಯೆ ಹಾಕಿ, ಆ ಅಭ್ಯರ್ಥಿಯ ಕಟ್ಟಿನಿಂದ ಪ್ರತಿ ಐದನೆಯ ಹಾಳೆಯನ್ನು ಎಳೆದು ತೆಗೆಯುವುದು. ಯಾರ ಕೈವಾಡಕ್ಕೂ ಎಡೆಯಿಲ್ಲ. ಆಮೇಲೆ ತೀರ ಕೆಳಗಿರುವವರನ್ನು ಒಬ್ಬೊಬ್ಬರಾಗಿ ಕೈಬಿಟ್ಟು ಅವರ ಮತಗಳನ್ನು ಮುಂದಿನ ಆಯ್ಕೆಗೆ ದಾಟಿಸುತ್ತಾರೆ. ಎಲ್ಲವೂ ಕೈಯೆಣಿಕೆ, ಮುಗಿಯಲು ಸುಮಾರು ಒಂದು ವಾರ. ಹಾಕಿದ ಮತ ಎಲ್ಲಿಗೆ ಹೋಯಿತು ಎಂದು ಆ ದಿನಗಳಲ್ಲಿ ಕೇಳಿದ್ದರೆ ಬೆರಳಿಟ್ಟು ತೋರಿಸಬಹುದಿತ್ತು: ಈ ಮೇಜಿನಿಂದ ಆ ಮೇಜಿಗೆ.

ಫಲವೂ ಹಾಗೆಯೇ ಬಂತು. 1925ರಲ್ಲಿ ಆ ಚಳವಳಿಯವರ ಚಾರ್ಟರ್ ಪಕ್ಷಕ್ಕೆ ಶೇ. 63.8 ಮತ, ಆರು ಸ್ಥಾನ, ರಿಪಬ್ಲಿಕನ್ನರಿಗೆ ಶೇ. 27.8, ಮೂರು ಸ್ಥಾನ. ಸೋತವರಿಗೂ ಅವರ ಪಾಲು ದಕ್ಕಿತು ಎಂಬುದನ್ನು ಗಮನಿಸಿ. 1931ರಲ್ಲಿ ಫ್ರ್ಯಾಂಕ್ ಹಾಲ್ ಈ ಕೌನ್ಸಿಲಿನ ಮೊದಲ ಕಪ್ಪು ಸದಸ್ಯರಾದರು. 1941ರಲ್ಲಿ ಜೆಸ್ಸಿ ಲಾಕರ್ ಬಂದರು. ಅವರು ಮುಂದೆ ಲೈಬೀರಿಯಕ್ಕೆ ಅಮೆರಿಕದ ರಾಯಭಾರಿಯಾಗಿ ಹೋದರು. ಊರಿನ ಬಹುಪಾಲು ಜನ ಇವರಿಗೆ ಮತ ಹಾಕಬೇಕಾಗಿರಲಿಲ್ಲ, ಹತ್ತರಲ್ಲಿ ಒಂದು ಪಾಲು ಸಾಕಾಗಿತ್ತು.

ಈಗ ನಾನು ಹೇಳಬೇಕೆಂದೇ ಬಂದ ಮನುಷ್ಯನ ಕಥೆ. ನದಿಯ ದಂಡೆಯ ಫ್ರೆಂಡ್‌ಶಿಪ್ ಪಾರ್ಕಿಗೆ ನೀವೆಲ್ಲ ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗುತ್ತೀರಿ. ಅದರ ಪೂರ್ತಿ ಹೆಸರಿನಲ್ಲಿ ಥಿಯೋಡೋರ್ ಬೆರಿ ಎಂದಿದೆ. 1905ರಲ್ಲಿ ನದಿಯಾಚೆ ಕೆಂಟಕಿಯ ಮೇಸ್‌ವಿಲ್‌ನಲ್ಲಿ ಹುಟ್ಟಿದ ಕಪ್ಪು ಹುಡುಗ, ಇಲ್ಲಿಯ ವುಡ್‌ವರ್ಡ್ ಶಾಲೆಯಲ್ಲಿ ಓದಿದವನು. ಶಾಲೆಯ ಕೊನೆಯ ವರ್ಷದಲ್ಲಿ ಒಂದು ಪ್ರಬಂಧ ಸ್ಪರ್ಧೆ. ಹುಡುಗ ಬರೆದು ಕೊಟ್ಟ. ತೀರ್ಪುಗಾರರೆಲ್ಲ ಬಿಳಿಯರು, ಪ್ರಬಂಧ ತಿರಸ್ಕೃತವಾಯಿತು. ಅವನು ಜಗಳಕ್ಕೆ ಹೋಗಲಿಲ್ಲ, ಅಳುತ್ತಲೂ ಕೂರಲಿಲ್ಲ. ಇನ್ನೊಂದು ಪ್ರಬಂಧ ಬರೆದ, ಅದರ ಮೇಲೆ ತನ್ನ ಹೆಸರಿನ ಬದಲು ಥಾಮಸ್ ಪ್ಲೇಫೇರ್ ಎಂದು ಬರೆದ. ಪ್ಲೇಫೇರ್! 'ನ್ಯಾಯವಾಗಿ ಆಡಿ' ಎಂಬ ಮಾತನ್ನೇ ಮನೆತನದ ಹೆಸರು ಮಾಡಿ ಅವರ ಕೈಗಿಟ್ಟ. ಅದಕ್ಕೆ ಬಹುಮಾನ ಬಂತು. 1924ರಲ್ಲಿ ಅವನು ಶಾಲೆಗೆ ಮೊದಲಿಗನಾಗಿ ಹೊರಬಂದ. ಈ ಊರಿನಲ್ಲಿ ಆ ಗೌರವ ಪಡೆದ ಮೊದಲ ಕಪ್ಪು ವಿದ್ಯಾರ್ಥಿ. ಊರು ಹೊಸ ಚಾರ್ಟರಿಗೆ ಮತ ಹಾಕಿದ್ದೂ ಅದೇ ವರ್ಷ. ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ಕಾನೂನು ಓದಿದ. ವಕೀಲನಾಗಿ ಟಸ್ಕೀಗಿಯ ಕಪ್ಪು ವಾಯುಪಡೆ ಅಧಿಕಾರಿಗಳ ಪರವಾಗಿ ವಾದಿಸಿದ. ನನ್ನ ಮಗಳಿಗೆ ಈ ಪ್ರಬಂಧದ ಕಥೆಯನ್ನು ಎಷ್ಟು ಸಲ ಹೇಳಿದ್ದೇನೆಂದರೆ, ಪಾರ್ಕಿನ ತಿರುವು ಬಂದ ಕೂಡಲೇ ಅವಳೇ 'ಪ್ಲೇಫೇರ್ ಮಾಮ' ಎಂದು ಶುರು ಮಾಡುತ್ತಾಳೆ.

1949ರಲ್ಲಿ ಬೆರಿ ಪ್ರಾಶಸ್ತ್ಯ ಮತದಿಂದ ಕೌನ್ಸಿಲಿಗೆ ಬಂದರು. 1955ರಲ್ಲಿ ಅವರ ಚಾರ್ಟರ್ ಪಕ್ಷಕ್ಕೆ ಐದು ಸ್ಥಾನ. ಆಗ ಮೇಯರನ್ನು ಆರಿಸುತ್ತಿದ್ದುದು ಕೌನ್ಸಿಲೇ. ಮಾಜಿ ರಾಷ್ಟ್ರಾಧ್ಯಕ್ಷರ ಮಗ ಚಾರ್ಲ್ಸ್ ಟ್ಯಾಫ್ಟ್ ಮೇಯರ್, ಬೆರಿ ಉಪಮೇಯರ್. ಮುಂದಿನ ಸಲ ಬೆರಿಯೇ ಮೇಯರ್ ಆಗುತ್ತಾರೆ ಎಂಬ ಮಾತು ಹುಟ್ಟಿತು. ಪ್ರಾಶಸ್ತ್ಯ ಮತವನ್ನು ಕಿತ್ತುಹಾಕಲು ಅದಕ್ಕೆ ಮುಂಚೆ 1936, 1939, 1947, 1954ರಲ್ಲಿ ನಾಲ್ಕು ಸಲ ಜನಮತ ನಡೆದು ನಾಲ್ಕು ಸಲವೂ ಜನ ಅದನ್ನು ಉಳಿಸಿಕೊಂಡಿದ್ದರು. 1957ರ ಐದನೆಯ ಯತ್ನದಲ್ಲಿ ಬಿಳಿಯರ ಬಡಾವಣೆಗಳಲ್ಲಿ ಪಿಸುಮಾತಿನಲ್ಲಿ ಹಬ್ಬಿದ ವಾದ ಒಂದೇ: ಹೀಗೇ ಬಿಟ್ಟರೆ ಬೆರಿ ಮೇಯರ್ ಆಗುತ್ತಾನೆ. ಪದ್ಧತಿ ಬಿತ್ತು. ಕೆಲವೇ ವಾರಗಳ ನಂತರ, ಇಂದಿನ ಹಾಗೆ ಒಂಬತ್ತು ಗುರುತು ಹಾಕುವ ಹೊಸ ಕ್ರಮದಲ್ಲಿ ನಡೆದ ಚುನಾವಣೆಯಲ್ಲಿ ಬೆರಿ ಸೋತರು. ಅವರಿಗೆ ಮತ ಹಾಕುತ್ತಿದ್ದವರು ಎಲ್ಲೂ ಹೋಗಿರಲಿಲ್ಲ, ಅದೇ ಮನೆಗಳಲ್ಲಿದ್ದರು. ಹಾಕಿದ ಮತ ಎಲ್ಲಿಗೆ ಹೋಯಿತು ಎಂದು ನಾನು ಮತ್ತೆ ಮತ್ತೆ ಕೇಳುವುದು ಇದಕ್ಕೇ.

ಆ ಮನೆಗಳೂ ಹೆಚ್ಚು ಕಾಲ ಉಳಿಯಲಿಲ್ಲ. ವೆಸ್ಟ್ ಎಂಡಿನ ಕೆನ್ಯನ್-ಬಾರ್ ಪ್ರದೇಶವನ್ನು ನಗರ ನವೀಕರಣದ ಹೆಸರಿನಲ್ಲಿ ನೆಲಸಮ ಮಾಡಿದಾಗ 25 ಸಾವಿರಕ್ಕೂ ಹೆಚ್ಚು ಜನ, ಬಹುತೇಕ ಕಪ್ಪು ಜನರು, ಒಕ್ಕಲೆದ್ದರು. ಯೋಜನೆ ಹಳೆಯದು, 1948ರ ನಕ್ಷೆಯಲ್ಲೇ ಇತ್ತು; ಅದು ಪ್ರಾಶಸ್ತ್ಯ ಮತ ಹೋದದ್ದರಿಂದಲೇ ಆಯಿತೆಂದು ನಾನು ಹೇಳುವುದಿಲ್ಲ. ಆದರೆ ಬುಲ್ಡೋಜರು ಬಂದ ಹೊತ್ತಿಗೆ ಕೌನ್ಸಿಲಿನಲ್ಲಿ ಬೆರಿ ಇರಲಿಲ್ಲ. ಐ-75 ಹೆದ್ದಾರಿಯಲ್ಲಿ ಡೌನ್‌ಟೌನಿಗೆ ಬರುವಾಗ ಕ್ವೀನ್ಸ್‌ಗೇಟಿನ ಗೋದಾಮುಗಳು ಕಾಣುತ್ತವಲ್ಲ, ಅಲ್ಲಿ ಆ ಬೀದಿಗಳಿದ್ದವು.

ಬೆರಿ ಕೊನೆಗೂ ಮೇಯರ್ ಆದರು, 1972ರಲ್ಲಿ, ಅರವತ್ತೇಳು ತುಂಬುವ ವರ್ಷದಲ್ಲಿ. ಹದಿನೈದು ವರ್ಷ ತಡವಾಗಿ.

ಸಮಯ ಮುಗಿಯುತ್ತಿದೆ ಎಂದು ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಸಿಟಿ ಮ್ಯಾನೇಜರ್ ಬಗ್ಗೆ ದೀರ್ಘವಾಗಿ ಹೇಳಬೇಕೆಂದಿದ್ದೆ. ಒಂದೇ ಮಾತು: ನಮ್ಮ ಪಾಲಿಕೆಯ ಆಯುಕ್ತರನ್ನು ಕಳಿಸುವುದು ರಾಜ್ಯ ಸರ್ಕಾರ, ಇಲ್ಲಿಯ ಮ್ಯಾನೇಜರನ್ನು ಮೇಯರ್ ಸೂಚಿಸಿ ಕೌನ್ಸಿಲ್ ಒಪ್ಪಬೇಕು. ಬೆಂಗಳೂರಿನ ಚುನಾಯಿತ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದು ಇಂದಿಗೂ ಚುನಾವಣೆಯಿಲ್ಲದೆ ಕೂತಿರುವಾಗ ಈ ವ್ಯತ್ಯಾಸ ನನ್ನ ಎದೆಗೆ ಚುಚ್ಚುತ್ತದೆ. ರೈಲಿನ ವಿಷಯವೂ ಇತ್ತು: ಈ ಊರು 1880ರಲ್ಲಿ ಚಟನೂಗದವರೆಗೆ ತಾನೇ ಕಟ್ಟಿ ಮುಗಿಸಿದ ರೈಲುಮಾರ್ಗವನ್ನು 2023ರ ಜನಮತದ ನಂತರ 160 ಕೋಟಿ ಡಾಲರಿಗೆ ಮಾರಿತು. ಆ ಹಣದ ಆದಾಯ ಯಾವ ಬೀದಿಗೆ, ಯಾವ ಸೇತುವೆಗೆ ಎಂಬುದೂ ಆ ಒಂಬತ್ತು ಜನರ ಮೇಜಿಗೇ ಬರುತ್ತದೆ.

ಅದೇ 2023ರಲ್ಲಿ ಒಂಬತ್ತಕ್ಕೆ ಒಂಬತ್ತು ಸ್ಥಾನಗಳೂ ಡೆಮಾಕ್ರಾಟರ ಪಾಲಾದವು. ಇದ್ದೊಬ್ಬ ರಿಪಬ್ಲಿಕನ್ ಸದಸ್ಯೆ ಸೋತರು. ನಿಮ್ಮಲ್ಲಿ ಕೆಲವರಿಗೆ ಇದು ಸಂತೋಷ, ಕೆಲವರಿಗೆ ಬೇಸರ. ಆದರೆ ಹಿಂದೆ 32ರಲ್ಲಿ 31 ಎಂಬುದು ತಪ್ಪಾಗಿದ್ದರೆ ಇಂದು 9ರಲ್ಲಿ 9 ಎಂಬುದೂ ತಪ್ಪೇ; ಪಕ್ಷ ಬದಲಾದ ಮಾತ್ರಕ್ಕೆ ಲೆಕ್ಕ ಸರಿಯಾಗುವುದಿಲ್ಲ. 1988ರಲ್ಲಿ, 1991ರಲ್ಲಿ ಪ್ರಾಶಸ್ತ್ಯ ಮತವನ್ನು ಮರಳಿ ತರಲು ಇಲ್ಲಿ ಜನಮತ ನಡೆದು ಎರಡೂ ಸಲ ಸೋತಿತು. ಮ್ಯಾಸಚೂಸೆಟ್ಸಿನ ಕೇಂಬ್ರಿಜ್ ಮಾತ್ರ 1941ರಿಂದ ಅದನ್ನು ಬಿಟ್ಟಿಲ್ಲ. ಅಲ್ಲಿ ಈಗ ಎಣಿಸುವುದು ಕಂಪ್ಯೂಟರ್; ಹೆಚ್ಚುವರಿ ಮತಪತ್ರಗಳನ್ನು ಎಳೆಯುವ ಕ್ರಮಕ್ಕೆ ಇಂದಿಗೂ 'ಸಿನ್ಸಿನಾಟಿ ವಿಧಾನ' ಎಂದೇ ಹೆಸರು. ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್ ಕಳೆದ ವರ್ಷ ಮೊದಲ ಸಲ ಈ ಪದ್ಧತಿಯಲ್ಲಿ ಹನ್ನೆರಡು ಮಂದಿಯನ್ನು ಆರಿಸಿತು.

ಇಷ್ಟು ಸಾಕು, ನಾಟಕದವರು ಬಾಗಿಲಲ್ಲಿ ನಿಂತಿದ್ದಾರೆ. ಮತದಾನ ಬೆಳಗಿನ 6:30ರಿಂದ ಸಂಜೆ 7:30ರವರೆಗೆ. ಕೌನ್ಸಿಲ್ ಸೇರುವುದು ಬುಧವಾರ ಮಧ್ಯಾಹ್ನ, ಪ್ಲಮ್ ಸ್ಟ್ರೀಟಿನ ಕೆಂಪು ಕಲ್ಲಿನ ಸಿಟಿ ಹಾಲ್‌ನಲ್ಲಿ. ಹೆಸರು ಕೊಟ್ಟರೆ ಯಾರು ಬೇಕಾದರೂ ಮಾತನಾಡಬಹುದು. ಚುನಾವಣೆ ಮುಗಿದ ಮೇಲೆ ನಾನು ಹೋಗುವವನಿದ್ದೇನೆ. ಕಾರಿನಲ್ಲಿ ಮೂವರಿಗೆ ಜಾಗವಿದೆ.