ಅನಿಲ ಸಂವೇದಕ: ಹಿಡಿದರೆ ಸಾಲದು, ಆರಿಸಬೇಕು

ಶ್ರೋತೃಗಳಿಗೆ ನಮಸ್ಕಾರ. ಎಂ.ಎಸ್ಸಿ. ಮುಗಿಸಿ, ವಿದ್ಯುದ್ರಾಸಾಯನಿಕ ಅನಿಲ ಸಂವೇದಕಗಳ (ಅನಿಲದ ಇರುವಿಕೆಯನ್ನು ವಿದ್ಯುತ್ತಿನ ಮೂಲಕ ಅಳೆಯುವ ಸಾಧನಗಳ) ಮೇಲೆ ಪಿಎಚ್.ಡಿ. ಮಾಡಬೇಕೆಂದಿರುವ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾತುಗಳನ್ನು ಆಡುತ್ತಿದ್ದೇನೆ. ಹೇಳಬೇಕಾದದ್ದು ಒಂದೇ: ಸಂವೇದಕವು ಎಷ್ಟು ಕಡಿಮೆ ಅನಿಲವನ್ನು ಹಿಡಿಯುತ್ತದೆ ಎಂಬುದಕ್ಕಿಂತ, ಬೇಕಾದ ಅನಿಲವನ್ನಷ್ಟೇ ಹಿಡಿಯುತ್ತದೆಯೇ ಎಂಬುದು ಮುಖ್ಯ.

ಕಾರ್ಬನ್ ಮಾನಾಕ್ಸೈಡ್ ಮಾಪಕವನ್ನೇ ನೋಡಿ. ಸೂಕ್ಷ್ಮರಂಧ್ರಗಳ ಟೆಫ್ಲಾನ್ ಪೊರೆಯನ್ನು ದಾಟಿ ಒಳಬಂದ ಅನಿಲವು ಒಂದು ವಿದ್ಯುದ್ವಾರದಲ್ಲಿ, ಕ್ರಿಯೆಯನ್ನು ಚುರುಕುಗೊಳಿಸುವ ಪ್ಲಾಟಿನಂ ವೇಗವರ್ಧಕದ ಮೇಲೆ, ನೀರಿನೊಂದಿಗೆ ವರ್ತಿಸಿ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಇನ್ನೊಂದು ವಿದ್ಯುದ್ವಾರದಲ್ಲಿ ಆಮ್ಲಜನಕವು ಅವನ್ನು ಪಡೆದು ನೀರಾಗುತ್ತದೆ. ನಡುವೆ ಹರಿಯುವ ಅತ್ಯಲ್ಪ ವಿದ್ಯುತ್ತೇ ನಮ್ಮ ಅಳತೆ. ಆದರೆ ಅದೇ ಪ್ಲಾಟಿನಂ ಜಲಜನಕವನ್ನೂ ಅಷ್ಟೇ ಉತ್ಸಾಹದಿಂದ ಉತ್ಕರ್ಷಿಸುತ್ತದೆ, ಅಂದರೆ ಅದರಿಂದಲೂ ಎಲೆಕ್ಟ್ರಾನುಗಳನ್ನು ಕಸಿಯುತ್ತದೆ. ಹೀಗಾಗಿ ಸೀಸ-ಆಮ್ಲ ಬ್ಯಾಟರಿಗಳು ಜಲಜನಕವನ್ನು ಹೊರಬಿಡುತ್ತಾ ಚಾರ್ಜ್ ಆಗುತ್ತಿರುವ ಕೋಣೆಯಲ್ಲಿ, ಕಾರ್ಬನ್ ಮಾನಾಕ್ಸೈಡ್ ಲವಲೇಶವೂ ಇಲ್ಲದಿದ್ದರೂ ಮಾಪಕ ಕೂಗಿಕೊಳ್ಳಬಹುದು.

ಇಲ್ಲಿ ಲೀಲ್ಯಾಂಡ್ ಕ್ಲಾರ್ಕ್ ಅವರ ಕಥೆಯನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗದು. ಅಮೆರಿಕದ ಒಹಾಯೊ ರಾಜ್ಯದಲ್ಲಿದ್ದ ಈ ವಿಜ್ಞಾನಿ, 1950ರ ದಶಕದಲ್ಲಿ ರಕ್ತಕ್ಕೆ ಆಮ್ಲಜನಕ ತುಂಬುವ ಯಂತ್ರವೊಂದನ್ನು ರೂಪಿಸಿ ಪ್ರಬಂಧ ಕಳುಹಿಸಿದಾಗ, ರಕ್ತದಲ್ಲಿನ ಆಮ್ಲಜನಕವನ್ನು ಅಳೆದು ತೋರಿಸಿಲ್ಲವೆಂದು ಪತ್ರಿಕೆ ಅದನ್ನು ನಿರಾಕರಿಸಿತು. ಅಳೆಯಲು ಪ್ಲಾಟಿನಂ ವಿದ್ಯುದ್ವಾರ ಇತ್ತು. ಆದರೆ ರಕ್ತದಲ್ಲಿ ಅದ್ದಿದೊಡನೆ ಪ್ರೋಟೀನುಗಳು ಅದರ ಮೇಲ್ಮೈಗೆ ಮೆತ್ತಿಕೊಂಡು ಅಳತೆಯನ್ನು ಕೆಡಿಸುತ್ತಿದ್ದವು. ಕ್ಲಾರ್ಕ್ ಅವರು ಪ್ಲಾಟಿನಂ ಹಾಗೂ ಬೆಳ್ಳಿಯ ವಿದ್ಯುದ್ವಾರಗಳೆರಡನ್ನೂ ದ್ರಾವಣಸಹಿತ ಪಾಲಿಎಥಿಲೀನ್ ಹಾಳೆಯ ಹಿಂದೆ ಅಡಗಿಸಿದರು. ಹಾಳೆ ಆಮ್ಲಜನಕವನ್ನು ಒಳಬಿಟ್ಟಿತು, ಪ್ರೋಟೀನನ್ನು ಬಾಗಿಲಲ್ಲೇ ತಡೆಯಿತು. 1956ರಲ್ಲಿ ಪ್ರಕಟವಾದ ಆ ವಿದ್ಯುದ್ವಾರಕ್ಕೆ ಇಂದಿಗೂ ಅವರದೇ ಹೆಸರು. ಗಮನಿಸಿ, ಅವರು ಪ್ಲಾಟಿನಂನ ಚುರುಕನ್ನು ಹೆಚ್ಚಿಸಲಿಲ್ಲ; ಅದರ ಬಳಿಗೆ ಯಾರು ಬರಬೇಕೆಂಬುದನ್ನು ನಿರ್ಧರಿಸಿದರು.

ಕಥೆಗೇ ಹೆಚ್ಚು ಸಮಯ ಹಿಡಿಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಪೊರೆಯು ಆರಿಸಲಾರದ ಕಡೆ ವೇಗವರ್ಧಕವೇ ಆರಿಸಬೇಕು. ಲೋಹವನ್ನು ಬದಲಿಸಿ, ಮಿಶ್ರಲೋಹ ಮಾಡಿ, ವಿದ್ಯುದ್ವಾರದ ವಿಭವವನ್ನು (ವೋಲ್ಟೇಜನ್ನು) ಸರಿಹೊಂದಿಸಿ ಅದಕ್ಕೆ ಆ ಗುಣವನ್ನು ಕೊಡುವುದೇ ನಿಮ್ಮ ಸಂಶೋಧನೆ. ಶುದ್ಧ ಸಾರಜನಕದಲ್ಲಿ ಒಂದೇ ಅನಿಲವನ್ನು ಬೆರೆಸಿ, ಅಂದವಾದ ನಕ್ಷೆ ಬರೆದು ತರುವ ಮಹಾಪ್ರಬಂಧಗಳನ್ನು ಓದುವಾಗ, ಕ್ಷಮಿಸಿ, ನನ್ನ ತಾಳ್ಮೆ ತಪ್ಪುತ್ತದೆ. ಮಾಪಕವನ್ನು ಹಿಡಿದು ಕೆಲಸಕ್ಕೆ ಇಳಿಯುವವರ ಸುತ್ತ ಶುದ್ಧ ಸಾರಜನಕವಿರುವುದಿಲ್ಲ. ಮೊದಲ ವರ್ಷದಲ್ಲೇ ಜಲಜನಕವನ್ನು ಬೆರೆಸಿ ನೋಡಿ, ತೇವಾಂಶವನ್ನು ಏರಿಳಿಸಿ ನೋಡಿ, ಹೈಡ್ರೋಜನ್ ಸಲ್ಫೈಡ್ ತಗುಲಿದ ಮೇಲೆ ಪ್ಲಾಟಿನಂ ಎಷ್ಟು ಮಂಕಾಗುತ್ತದೆಂದು ಅಳೆಯಿರಿ, ಆ ಅಂಕಿಗಳನ್ನು ಅನುಬಂಧಕ್ಕೆ ತಳ್ಳದೆ ಮೊದಲ ಅಧ್ಯಾಯದಲ್ಲೇ ಕೊಡಿ. ನಮಸ್ಕಾರ.