ಅರವತ್ತರ ಹತ್ರ ಬೇಸ್‌ಬಾಲ್ ಕ್ಯಾಂಪು

ಕೇಳುಗರಿಗೆ ನಮಸ್ಕಾರ. ಇವತ್ತು ಒಂದು ವಿಚಿತ್ರ ಹುಚ್ಚಿನ ಬಗ್ಗೆ ಮಾತಾಡ್ತೀನಿ. ಜನವರಿ ಬಂತು ಅಂದ್ರೆ ಮಿಶಿಗನ್, ಶಿಕಾಗೋ, ಬಾಸ್ಟನ್ ಕಡೆ ಜನ ಮನೆ ಮುಂದಿನ ಹಿಮ ಬಾಚ್ತಾ ನಿಂತಿರ್ತಾರೆ, ಅದೇ ಹೊತ್ತಿಗೆ ಐವತ್ತು ಅರವತ್ತು ದಾಟಿರೋ ಒಂದಷ್ಟು ಮಂದಿ, ಡಾಕ್ಟರು, ಪ್ಲಂಬರು, ವಕೀಲರು, ರಿಟೈರ್ ಆಗಿರೋ ಮೇಷ್ಟ್ರುಗಳು, ಫ್ಲಾರಿಡಾಗೋ ಅರಿಜೋನಾಗೋ ವಿಮಾನ ಹತ್ತಿ ಹೋಗಿ, ಚಿಕ್ಕಂದಿನಿಂದ ಪ್ರಾಣ ಬಿಡ್ತಿದ್ದ ಟೀಮಿನ ಯೂನಿಫಾರ್ಮ್ ಹಾಕ್ಕೊಂಡು ಒಂದು ವಾರ ಬೇಸ್‌ಬಾಲ್ ಆಡಿ ಬರ್ತಾರೆ. ಕಲಿಸೋರು ಅದೇ ಟೀಮಿಗೆ ಒಂದು ಕಾಲದಲ್ಲಿ ಆಡಿದ್ದ ಅಸಲಿ ಆಟಗಾರರು. ಇದಕ್ಕೆ ಫ್ಯಾಂಟಸಿ ಕ್ಯಾಂಪ್ ಅಂತಾರೆ. ಪುಕ್ಸಟ್ಟೆ ಅಲ್ಲ, ಸಾವಿರಗಟ್ಟಲೆ ಡಾಲರ್ ಬಿಚ್ಚಬೇಕು.

ಇದನ್ನ ಶುರು ಮಾಡಿದ್ದು ರ‍್ಯಾಂಡಿ ಹಂಡ್ಲಿ ಅಂತ ಶಿಕಾಗೋ ಕಬ್ಸ್ ಟೀಮಿನ ಹಳೇ ಕ್ಯಾಚರ್. ಕ್ಯಾಚರ್ ಅಂದ್ರೆ ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ, ಆದ್ರೆ ಇಡೀ ಆಟ ಕುಕ್ಕರಗಾಲಲ್ಲೇ ಕೂತಿರಬೇಕು, ಮಂಡಿ ಸತ್ತೋಗತ್ತೆ. ಈ ಮನುಷ್ಯ 1968ರಲ್ಲಿ ಒಂದೇ ಸೀಸನ್ನಲ್ಲಿ 160 ಗೇಮ್ ಹಾಗೆ ಕೂತಿದ್ದ, ಆ ದಾಖಲೆ ಇನ್ನೂ ಯಾರೂ ಮುರಿದಿಲ್ಲ. ಮಾರನೇ ವರ್ಷ ಅಂದ್ರೆ 1969ರಲ್ಲಿ ಕಬ್ಸ್ ಆಗಸ್ಟ್ ಮಧ್ಯದವರೆಗೂ ಎಲ್ಲರಿಗಿಂತ ಭಾರೀ ಮುಂದಿದ್ದು, ಸೆಪ್ಟೆಂಬರಲ್ಲಿ ಕುಸಿದು ನ್ಯೂಯಾರ್ಕ್ ಮೆಟ್ಸ್‌ಗೆ ಎಲ್ಲಾ ಬಿಟ್ಟುಕೊಟ್ರು. ಶಿಕಾಗೋ ಜನ ಆ ಟೀಮನ್ನ ಮರೀಲೇ ಇಲ್ಲ, ಗೆದ್ದವರನ್ನ ಮರೆತ್ರೂ ಆ ಸೋತವರನ್ನ ಮರೀಲಿಲ್ಲ. 1983ರಲ್ಲಿ ಹಂಡ್ಲಿ ಆ ಸೋತ ಟೀಮಿನ ಗೆಳೆಯರನ್ನೇ ಅರಿಜೋನಾದ ಸ್ಕಾಟ್ಸ್‌ಡೇಲ್‌ಗೆ ಕರೆಸಿ, ದುಡ್ಡು ಕೊಟ್ಟು ಬಂದ ಅಭಿಮಾನಿಗಳ ಜೊತೆ ಆಡಿಸಿದ. ಅಲ್ಲಿಂದ ಒಂದೊಂದೇ ಟೀಮು ಶುರು ಹಚ್ಕೊಂಡ್ವು. ಫ್ಲಾರಿಡಾದಲ್ಲೇ ಯಾಂಕೀಸ್‌ದು ಟ್ಯಾಂಪಾದಲ್ಲಿ, ರೆಡ್ ಸಾಕ್ಸ್‌ದು ಫೋರ್ಟ್ ಮಯರ್ಸಲ್ಲಿ, ನಮ್ಮ ಡೆಟ್ರಾಯಿಟ್ ಟೈಗರ್ಸ್‌ದು ಲೇಕ್‌ಲ್ಯಾಂಡಲ್ಲಿ.

ನಮ್ಮ ಟೈಗರ್ಸ್ ಅಂದೆ ನೋಡಿ. ಕಾರ್ ಕಂಪನಿ ಕೆಲಸಕ್ಕೆ ಅಂತ ಡೆಟ್ರಾಯಿಟ್ ಸುತ್ತಮುತ್ತ ಬಂದು ಸೇರಿರೋ ಕನ್ನಡದವರು ಬೇಕಾದಷ್ಟು ಜನ ಇದೀವಿ, ಬಂದ ಹೊಸದರಲ್ಲಿ ಬೇಸ್‌ಬಾಲ್ ಅಂದ್ರೆ ಬೋರು ಅಂತೀವಿ, ಆಮೇಲೆ ಮಕ್ಕಳು ಶಾಲೆಯಿಂದ ಆ ನೀಲಿ ಟೋಪಿ ಹಾಕ್ಕೊಂಡು ಬರ್ತಾರೆ, ಅವರ ಜೊತೆ ನಾವೂ ಕೂತು ನೋಡ್ತೀವಿ, ಯಾವಾಗ ಹುಚ್ಚು ಹಿಡೀತು ಅಂತ ಗೊತ್ತೇ ಆಗಲ್ಲ. ನಾನು ಕ್ಯಾಂಪಿಗೆ ಹೋಗ್ತೀನಿ ಅಂದಾಗ ಮನೆಯವಳು, "ಈ ವಯಸ್ಸಲ್ಲಿ ನಿಮಗೆ ಇದೆಲ್ಲಾ ಯಾಕ್ರೀ, ಸುಮ್ನೆ ವಾಕಿಂಗ್ ಮಾಡಿ" ಅಂದ್ಲು. ಮಗ ಮಾತ್ರ ಗ್ಲೌಸ್ ತಂದು ಕೈಗಿಟ್ಟ.

ಲೇಕ್‌ಲ್ಯಾಂಡ್ ಅಂದ್ರೆ ಟೈಗರ್ಸ್‌ಗೆ ತವರುಮನೆ ಇದ್ದ ಹಾಗೆ. ಎರಡನೇ ಮಹಾಯುದ್ಧದ ಒಂದೆರಡು ಮೂರು ವರ್ಷ ಬಿಟ್ರೆ 1934ರಿಂದ ಅವರು ವಸಂತದ ತಯಾರಿಗೆ ಬರೋದು ಅದೇ ಊರಿಗೆ. ಟೈಗರ್‌ಟೌನ್ ಅಂತ ಕರೆಯೋ ಆ ಜಾಗ ಆ ಯುದ್ಧದಲ್ಲಿ ಪೈಲಟ್‌ಗಳಿಗೆ ತರಬೇತಿ ಕೊಡ್ತಿದ್ದ ಏರ್‌ಫೀಲ್ಡು. ಅಲ್ಲಿ ಕ್ಲಬ್‌ಹೌಸಿಗೆ ಕಾಲಿಟ್ರೆ ಲಾಕರ್ ಮೇಲೆ ನಮ್ಮ ಹೆಸರು, ಒಳಗೆ ನಮ್ಮ ಹೆಸರೇ ಬೆನ್ನ ಮೇಲಿರೋ ಜೆರ್ಸಿ. ನನ್ನದು ಉದ್ದ ಹೆಸರು, ಒಂದು ಹೆಗಲಿಂದ ಇನ್ನೊಂದು ಹೆಗಲವರೆಗೂ ಹರಡಿಕೊಂಡಿತ್ತು. ಸಂಜೆ ಬೆವರಿನ ಬಟ್ಟೆ ಕಳಚಿ ಬಿಸಾಕಿ ಹೋದ್ರೆ ಬೆಳಗ್ಗೆ ಒಗೆದು, ಮಡಚಿ, ಬೂಟು ಸಹ ಒರೆಸಿ ಇಟ್ಟಿರ್ತಾರೆ. ಮನೇಲಿ ಹೇಳಿಬಿಟ್ಟೆ, ಅಲ್ಲಿ ಹೀಗೆ ಅಂತ. ಉತ್ತರ ಏನು ಬಂತು ಅಂತ ರೇಡಿಯೋದಲ್ಲಿ ಬೇಡ ಬಿಡಿ.

ಮೊದಲನೇ ದಿನ ಕೋಚ್‌ಗಳು ಪೆನ್ನು ಪ್ಯಾಡು ಹಿಡ್ಕೊಂಡು ನಮ್ಮನ್ನ ಓಡಿಸಿ, ಎಸೆಸಿ, ಬ್ಯಾಟ್ ಬೀಸಿಸಿ ನೋಡ್ತಾರೆ, ರಾತ್ರಿ ಅವರವರೇ ಕೂತು ಟೀಮ್ ಹಂಚ್ಕೊತಾರೆ. ಆಮೇಲೆ ದಿನಕ್ಕೆ ಎರಡೆರಡು ಆಟ. ಕಬ್ಸ್‌ನ ಎರ್ನಿ ಬ್ಯಾಂಕ್ಸ್ ಇವತ್ತು ಒಂದಲ್ಲ ಎರಡು ಆಟ ಆಡೋಣ ಅಂತಿದ್ದ ಅನ್ನೋದು ಅಮೆರಿಕದಲ್ಲಿ ಗಾದೆ ಥರ ಆಗೋಗಿದೆ, ಆದ್ರೆ ಅವನಿಗೆ ಆಗ ನಮ್ಮಷ್ಟು ವಯಸ್ಸಾಗಿರಲಿಲ್ಲ ಸ್ವಾಮಿ.

ಈಗ ಕ್ರಿಕೆಟ್ ಆಡಿ ಬೆಳೆದವನ ಪಾಡು ಕೇಳಿ. ಬೇಸ್‌ಬಾಲಲ್ಲಿ ಎರಡೂ ಕಡೆ ಎರಡು ಬಿಳಿ ಗೆರೆ ಹೋಗಿರತ್ತೆ, ಮೈದಾನ ಬೀಸಣಿಗೆ ಥರ ಮುಂದಕ್ಕೆ ಮಾತ್ರ ತೆರೆದಿರೋದು. ಆ ಗೆರೆ ಆಚೆ ಹೊಡೆದದ್ದೆಲ್ಲಾ ಫೌಲ್. ಅಂದ್ರೆ ಗುಂಡಪ್ಪ ವಿಶ್ವನಾಥ್ ಅವರ ಸ್ಕ್ವೇರ್ ಕಟ್ ಇದೆಯಲ್ಲ, ನಮ್ಮಪ್ಪ ಕಾಮೆಂಟ್ರಿ ಕೇಳ್ತಾ ಕಣ್ಣು ಮುಚ್ಕೊಂಡು ತಲೆದೂಗ್ತಿದ್ರು, ಅದು ಇಲ್ಲಿ ಫೌಲ್! ಲೇಟ್ ಕಟ್ಟು ಫೌಲ್, ಗ್ಲಾನ್ಸು ಫೌಲ್. ನಾವು ಯಾವುದನ್ನ ಕಲೆ ಅಂತ ಪೂಜೆ ಮಾಡ್ತೀವೋ ಅದಕ್ಕೆಲ್ಲಾ ಇಲ್ಲಿ ಸೊನ್ನೆ ಬೆಲೆ. ಇನ್ನೊಂದು, ಚೆಂಡು ನೆಲಕ್ಕೆ ಬೀಳಲ್ಲ. ನಾವು ಪಿಚ್ ಮೇಲೆ ಬಿದ್ದ ಮೇಲೆ ಏನಾಗತ್ತೆ ಅಂತ ನೋಡೋ ಜನ, ಇಲ್ಲಿ ಅದು ಗಾಳೀಲೇ ಬಂದು ಗಾಳೀಲೇ ತಿರುಗತ್ತೆ. 60 ಅಡಿ 6 ಇಂಚು ದೂರದಿಂದ, ಒಂದು ಸಣ್ಣ ದಿಬ್ಬದ ಮೇಲೆ ನಿಂತು ಎಸೀತಾರೆ. ಬ್ಯಾಟು ಉರುಟು, ಚೆಂಡೂ ಉರುಟು, ಎರಡೂ ಸರಿಯಾಗಿ ಸೇರೋದೇ ದೊಡ್ಡ ಪವಾಡ. ಮತ್ತೆ ಹೊಡೆದ ಚೆಂಡು ಗೆರೆ ಒಳಗಿದ್ರೆ ಓಡಲೇಬೇಕು, ಇದು ಬೇಡ ಬಿಡು ಅಂತ ಕೈ ಎತ್ತಿ ಪಾರ್ಟನರ್‌ನ ವಾಪಸ್ ಕಳಿಸೋ ಸೌಲಭ್ಯ ಇಲ್ಲ. ಇಷ್ಟಾದ್ರೂ ಒಂದು ಕಡೆ ನನಗೆ ಮರ್ಯಾದೆ ಸಿಕ್ತು. ನೆಲದ ಮೇಲೆ ಉರುಳ್ಕೊಂಡು ಬರೋ ಚೆಂಡಿಗೆ ಮೈ ಅಡ್ಡ ಕೊಡೋದು, ಬರೀಗೈಲಿ ಹಿಡಿಯೋದು, ಇದು ಗಲ್ಲಿ ಕ್ರಿಕೆಟ್ ಆಡಿದವನಿಗೆ ಹೇಳಿಕೊಡಬೇಕಾಗಿಲ್ಲ, ಕೋಚು ಗ್ಲೌಸ್ ಹಾಕ್ಕೊಂಡಿರೋ ಕೈ ಯಾಕಪ್ಪಾ ಇರೋದು ಅಂತ ನಗ್ತಿದ್ರು.

ಓಡಿ ಹೋಗಿ ಮುಟ್ಟಬೇಕಾದ ಗುರುತಿಗೆ ಬೇಸ್ ಅಂತಾರೆ, ಬೇಸಿಂದ ಬೇಸಿಗೆ 90 ಅಡಿ. ಏನ್ ಮಹಾ ಅನ್ಸತ್ತೆ. ಆದ್ರೆ ನಿಂತ ಜಾಗದಿಂದ ಒಂದೇ ಸಲ ಜೋರಾಗಿ ಓಡೋದನ್ನ ನಾವು ಬಿಟ್ಟು ಎಷ್ಟೋ ವರ್ಷ ಆಗಿರತ್ತೆ, ತೊಡೆ ಹಿಂದಿನ ಸ್ನಾಯು ಅಲ್ಲೇ ಪಟ್ ಅನ್ನತ್ತೆ. ಎರಡನೇ ದಿನ ಬೆಳಗ್ಗೆ ಟ್ರೈನರ್ ರೂಮ್ ಮುಂದೆ ರೇಷನ್ ಅಂಗಡಿ ಥರ ಕ್ಯೂ. ಒಬ್ಬರಿಗೆ ಐಸು, ಒಬ್ಬರಿಗೆ ಪಟ್ಟಿ, ಮಿಕ್ಕವರಿಗೆ ನೋವಿನ ಮಾತ್ರೆ. ಅದಕ್ಕೇ ಕ್ಯಾಂಪಲ್ಲಿ ರೂಲ್ಸ್ ಸಡಿಲ, ಹೊಡೆಯೋದು ನೀವು, ಓಡೋಕೆ ಕುಂಟದೇ ಇರೋ ಇನ್ನೊಬ್ಬ.

ಬೆಳಗ್ಗೆ ಆಟಕ್ಕೆ ಮುಂಚೆ ಒಂದು ಕೋರ್ಟ್ ನಡೆಯತ್ತೆ, ಕಾಂಗರೂ ಕೋರ್ಟ್. ಹಿಂದಿನ ದಿನ ಯಾರು ಏನೇನು ಅವಾಂತರ ಮಾಡಿದ್ರು ಅಂತ ಎಲ್ಲರ ಮುಂದೆ ವಿಚಾರಣೆ, ಒಂದು ಡಾಲರ್ ಎರಡು ಡಾಲರ್ ದಂಡ. ಇದು ದೊಡ್ಡ ಟೀಮ್‌ಗಳ ಹಳೇ ಪದ್ಧತಿ, ಬಾಲ್ಟಿಮೋರ್ ಓರಿಯೋಲ್ಸ್‌ನ ಫ್ರ್ಯಾಂಕ್ ರಾಬಿನ್ಸನ್ ನೆಲ ಒರೆಸೋ ಮಾಪಿನ ದಾರಗಳನ್ನೇ ತಲೆ ಮೇಲೆ ವಿಗ್ ಥರ ಹಾಕ್ಕೊಂಡು ಜಡ್ಜ್ ಆಗಿ ಕೂರ್ತಿದ್ದ. ನಮ್ಮ ಟೀಮಲ್ಲಿ ಒಬ್ಬ ಹೃದಯದ ಡಾಕ್ಟರು ಔಟ್‌ಫೀಲ್ಡಲ್ಲಿ ಫೋನ್ ತೆಗೆದು ನೋಡಿದ್ದಕ್ಕೆ ದಂಡ ಕಟ್ಟಿದ್ರು. ಆಸ್ಪತ್ರೆ ಮೆಸೇಜು ಅಂದ್ರು, ಯಾರೂ ಕೇಳಲಿಲ್ಲ.

ಆದ್ರೆ ನನಗೆ ಅಲ್ಲಿ ನಿಜವಾಗಿ ನೋಡೋ ಹಾಗಿದ್ದದ್ದು ನಮ್ಮ ಆಟ ಅಲ್ಲ, ಆ ಹಳೇ ಆಟಗಾರರು. ದುಡ್ಡು ಕೊಟ್ಟು ಬಂದ ನಮ್ಮ ಕನಸು ನನಸಾಗ್ತಿದೆ, ಅವರು ಸಂಬಳಕ್ಕೆ ಬಂದಿದ್ದಾರೆ ಅಂತ ನಾನು ಅಂದ್ಕೊಂಡಿದ್ದೆ. ಸಂಬಳನೂ ನಿಜಾನೇ, ಇವತ್ತಿನ ಥರ ಕೋಟಿಗಟ್ಟಲೆ ಕಾಲ ಅಲ್ಲ ಅವರದ್ದು. 1968ರ ಒಪ್ಪಂದದಲ್ಲಿ ಕನಿಷ್ಠ ಸಂಬಳ ವರ್ಷಕ್ಕೆ 6,000 ಡಾಲರಿಂದ 10,000ಕ್ಕೆ ಏರಿದ್ದೇ ದೊಡ್ಡ ಗೆಲುವು, ಆ ಕಾಲದಲ್ಲಿ ಎಷ್ಟೋ ಆಟಗಾರರು ಚಳಿಗಾಲದಲ್ಲಿ ಬೇರೆ ಕೆಲಸ ಮಾಡ್ತಿದ್ರು. ಆದ್ರೂ ಬರೀ ದುಡ್ಡಿಗಾದ್ರೆ ಆಟ ಮುಗಿದ ಮೇಲೆ ಹೋಟೆಲಿಗೆ ಹೋಗಿ ಮಲಗಬಹುದಿತ್ತಲ್ಲ. ಇವರು ಹೋಗಲ್ಲ. ಸಂಜೆ ಲಾಕರ್ ಮುಂದೆ ಸ್ಟೂಲ್ ಎಳ್ಕೊಂಡು, ಸೂರ್ಯಕಾಂತಿ ಬೀಜ ಉಗುಳ್ತಾ, ನಲವತ್ತು ವರ್ಷದ ಹಿಂದಿನ ಒಂದು ಎಸೆತದ ಬಗ್ಗೆ ಒಬ್ಬರಿಗೊಬ್ಬರು ಇನ್ನೂ ಜಗಳ ಆಡ್ತಿರ್ತಾರೆ. ಕೋಚ್ ಒಬ್ಬರನ್ನ ಏನು ಮಿಸ್ ಮಾಡ್ಕೊತೀರಿ ಅಂತ ಕೇಳಿದೆ. ಆಟ ಅನ್ನಲಿಲ್ಲ, ಊರಿಂದ ಊರಿಗೆ ಹೋಗೋ ಬಸ್ಸಲ್ಲಿ ಹಿಂದಿನ ಸೀಟಿನವರು ಮಾಡ್ತಿದ್ದ ತಮಾಷೆ ಅಂದ್ರು. ಹಂಡ್ಲಿ ಆ ಕಬ್ಸ್ ಗೆಳೆಯರನ್ನ ಕರೆದಾಗಲೂ ಇದೇ ಆಗಿರಬೇಕು ಅನ್ಸತ್ತೆ ನನಗೆ. ಅಭಿಮಾನಿಗಳಿಗೆ ಅಂತ ಹೆಸರು, ಆದ್ರೆ ಆ ವಾರ ಅವರಿಗೆ ಬೇಕಾಗಿತ್ತು, ನಮಗಿಂತ ಜಾಸ್ತಿನೇ.

ಕೊನೇ ದಿನ ನಾವು ಅವರ ವಿರುದ್ಧ ಆಡ್ತೀವಿ. ಎಪ್ಪತ್ತರ ಹತ್ರದ ಒಬ್ಬ ಅಜ್ಜ, ಮೆಟ್ಟಿಲು ಹತ್ತೋಕೆ ಕಂಬಿ ಹಿಡ್ಕೊಳ್ಳೋರು, ದಿಬ್ಬದ ಮೇಲೆ ನಿಂತು ಒಂದು ಕರ್ವ್ ಬಾಲ್ ಹಾಕಿದ್ರು. ಚೆಂಡು ನನ್ನ ಹೆಗಲಿಗೆ ಬರ್ತಿದೆ ಅಂತ ನಾನು ಹಿಂದಕ್ಕೆ ಬಗ್ಗಿದೆ, ಅದು ನಿಧಾನವಾಗಿ ಇಳಿದು ಕ್ಯಾಚರ್ ಗ್ಲೌಸಲ್ಲಿ ಕೂತ್ಕೊಳ್ತು. ಸ್ಟ್ರೈಕ್, ಅಂಥ ಮೂರಾದ್ರೆ ಔಟು. ಇನ್ನೊಂದು ಹಾಗೇ. ಮೂರನೇದು ಬ್ಯಾಟಿನ ತುದಿಗೆ ತಾಗಿ ಅವರ ಕಾಲ ಹತ್ರಾನೇ ಉರುಳ್ತು, ಅವರು ಬಗ್ಗೋಕೆ ತಗೊಂಡ ಟೈಮಲ್ಲಿ ನಾನು ಫಸ್ಟ್ ಬೇಸ್ ಮುಟ್ಟಿದ್ದೆ. ಅವರು ಬೈದದ್ದು ಸ್ಟ್ಯಾಂಡಿನವರೆಗೂ ಕೇಳಿಸ್ತು.

ಹೋಗೋ ಆಸೆ ಇರೋರಿಗೆ ಒಂದೆರಡು ಮಾತು. ಕನಿಷ್ಠ ವಯಸ್ಸು ಎಷ್ಟು ಅಂತ ಆಯಾ ಕ್ಯಾಂಪಲ್ಲೇ ಕೇಳ್ಕೊಳ್ಳಿ, ಮೇಲಿನ ಮಿತಿ ಅಂತ ಇಟ್ಟಿರೋದನ್ನ ನಾನು ನೋಡಿಲ್ಲ, ಹೆಂಗಸರೂ ಬರ್ತಾರೆ, ಆಡೋಕೆ ಬರಲೇಬೇಕು ಅಂತೇನಿಲ್ಲ. ಅಕ್ಟೋಬರಿಂದಲೇ ಓಡೋದು ಶುರು ಮಾಡಿ, ದೂರ ಅಲ್ಲ, ಮೂವತ್ತು ಹೆಜ್ಜೆ ಜೋರಾಗಿ, ನಿಲ್ಲಿ, ಮತ್ತೆ ಓಡಿ. ಹೊಸ ಗ್ಲೌಸ್ ಮಾತ್ರ ತಗೊಂಡು ಹೋಗಬೇಡಿ, ಅದು ಬಗ್ಗೋದೇ ಇಲ್ಲ, ಮನೇಲಿ ಮಕ್ಕಳದ್ದು ಹಳೇದಿದ್ರೆ ಅದನ್ನೇ ಕೇಳಿ. ನಮಸ್ಕಾರ.