ಬೀಚಲ್ಲಿ ಗಿಡ ನೆಡಬೇಡಿ, ಎಣಿಸಿ

ನಮಸ್ಕಾರ. ಜೂನ್ 5 ಬಂತೆಂದರೆ ಬೆಂಗಳೂರಿನ ಆಫೀಸುಗಳಿಗೆಲ್ಲ ಹಸಿರು ಜ್ವರ ಬರುತ್ತದೆ. ಟೀ ಶರ್ಟ್, ಸಸಿ, ಫೋಟೊ, ತಿಂಡಿ ಪೊಟ್ಟಣ, ಮನೆ. ಈಗ ಕರಾವಳಿ ಮೇಲೂ ಕಣ್ಣು ಬಿದ್ದಿದೆ. ಗೋಕರ್ಣಕ್ಕೆ ಹೇಗೂ ಹೋಗುತ್ತೇವೆ, ಬೀಚಲ್ಲೇ ನೆಟ್ಟರಾಯಿತು ಅಂತ. ದಯವಿಟ್ಟು ಬೇಡ. ಬೀಚಲ್ಲಿ ನೆಡುವ ಗಾಳಿ ಮರದ ದಟ್ಟ ನೆರಳು ಬಿದ್ದರೆ ಮರಳು ದಿಬ್ಬದ ಸ್ವಂತ ಗಿಡಗಳಿಗೆ ಬದುಕು ಕಷ್ಟ. ಆ ದುಡ್ಡನ್ನು ಅಲ್ಲಿರುವ ಗಿಡ ಎಣಿಸುವವರಿಗೆ ಕೊಡಿ. ಒಂದು ವರ್ಷಕ್ಕಲ್ಲ, ಹತ್ತು ವರ್ಷಕ್ಕೆ.

ಎಣಿಸುವುದರಲ್ಲಿ ಏನು ಮಹಾ ಅಂತೀರಾ? ಅಡುಂಬು ಬಳ್ಳಿಯನ್ನೇ ತಗೊಳ್ಳಿ. ಮರಳಿನ ಮೇಲೆ ಹಬ್ಬಿ ನೇರಳೆ ಹೂ ಬಿಡುತ್ತಲ್ಲ, ಎಲೆ ಆಡಿನ ಗೊರಸಿನ ಹಾಗೆ ಸೀಳಿರುತ್ತದೆ, ಅದೇ. ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತದೆ. ನಡುವೆ ಮರಳು ಮುಚ್ಚಿದರೆ ಒಂದೇ ಬಳ್ಳಿ ನಾಲ್ಕು ಗಿಡವಾಗಿ ಕಾಣುತ್ತದೆ. ಈಗ ಎಷ್ಟು ಅಂತ ಬರೆದುಕೊಳ್ಳುತ್ತೀರಿ? ಅದಕ್ಕೇ ಅಲೆಯ ಕಡೆಯಿಂದ ಒಳಕ್ಕೆ ಟೇಪು ಎಳೆಯುತ್ತಾರೆ. ಒಂದು ಮೀಟರ್ ಚೌಕಟ್ಟು ಸರಿಸುತ್ತಾ, ಒಳಗೆ ಎಷ್ಟು ಪಾಲು ಹಸಿರಿದೆ ಎಂದು ಗುರುತು ಹಾಕಿಕೊಳ್ಳುತ್ತಾರೆ. ಮುಂದಿನ ವರ್ಷವೂ ಅದೇ ಗೆರೆ, ಅದೇ ತಿಂಗಳು.

ತಿಂಗಳು ತಪ್ಪಿದರೆ ಎಲ್ಲ ದಂಡ. ಮಳೆಗಾಲದ ಅಲೆ ದಿಬ್ಬದ ಮುಂಭಾಗವನ್ನು ಬಳ್ಳಿ ಸಮೇತ ಕೊರೆದುಕೊಂಡು ಹೋಗುತ್ತದೆ. ಮಳೆ ನಿಂತ ಮೇಲೆ ಮರಳು ವಾಪಸ್ ಬರುತ್ತದೆ, ಬಳ್ಳಿಯೂ ಮತ್ತೆ ಹಬ್ಬುತ್ತದೆ. ಮೇ ತಿಂಗಳ ಲೆಕ್ಕದ ಪಕ್ಕ ಆಗಸ್ಟ್ ಲೆಕ್ಕ ಇಟ್ಟು "ಅರ್ಧ ನಾಶ" ಎಂದು ಸುದ್ದಿ ಮಾಡಿದರೆ ನಗಬೇಕಷ್ಟೇ.

ರಾವಣನ ಮೀಸೆ ಹುಲ್ಲಿನದು ಇನ್ನೊಂದು ಕಿತಾಪತಿ. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಬೀಜ ಹೊತ್ತ ಮುಳ್ಳಿನ ಚೆಂಡು ಗಾಳಿಗೆ ಬೀಚೆಲ್ಲ ಉರುಳುವುದು ಹೆಣ್ಣು ಗಿಡದ್ದು. ಹುಲ್ಲು ಸೊಂಪಾಗಿದೆ, ಆದರೆ ಆ ಜಾಗದಲ್ಲಿ ಉಳಿದಿರುವುದು ಬರೀ ಗಂಡು ಅಂದರೆ?

ಅಮೆರಿಕದ ಮಹಾಸರೋವರಗಳ ದಂಡೆಯಲ್ಲಿ ಪಿಚರ್ಸ್ ತಿಸಲ್ ಎಂಬ ಮುಳ್ಳುಗಿಡ ಇದೆ. ಅಲ್ಲಿನ ಕಾನೂನು 1988ರಲ್ಲಿ ಅದನ್ನು ಅಪಾಯದ ಪಟ್ಟಿಗೆ ಸೇರಿಸಿತು. ವರ್ಷಗಟ್ಟಲೆ ಬರೀ ಎಲೆ ಬಿಟ್ಟುಕೊಂಡು ಕೂತಿರುತ್ತದೆ. ಆಮೇಲೆ ಒಂದೇ ಸಲ ಹೂ ಬಿಟ್ಟು ಸತ್ತುಹೋಗುತ್ತದೆ. ಹಾಗಾಗಿ ಮೊಳಕೆ ಎಷ್ಟು, ಎಳೆ ಗಿಡ ಎಷ್ಟು, ಹೂ ಬಿಟ್ಟಿದ್ದು ಎಷ್ಟು ಅಂತ ಬೇರೆ ಬೇರೆ ಲೆಕ್ಕ ಬೇಕು. ಜಾಸ್ತಿ ಹೂ ಬಿಟ್ಟ ಮರುವರ್ಷ ದೊಡ್ಡ ಗಿಡ ಕಮ್ಮಿಯಾದರೆ ಗಾಬರಿ ಬೇಡ. ದೊಡ್ಡ ಗಿಡ ಬೇಕಾದಷ್ಟಿದ್ದು, ವರ್ಷ ವರ್ಷವೂ ಮೊಳಕೆಯೇ ಇಲ್ಲವೆಂದರೆ ಎದೆ ಧಸಕ್ಕೆನ್ನಬೇಕು. ಸುಮ್ನೆ ಒಂದು ಸಲ ಹೋಗಿ ನೋಡಿದವರಿಗೆ ಇದು ಹೇಗೆ ಗೊತ್ತಾಗಬೇಕು, ಹೇಳಿ?

ಮರಳು ದಿಬ್ಬಗಳಿಗೆ ನಮ್ಮಲ್ಲೂ ಕಾಗದದ ಮೇಲೆ ರಕ್ಷಣೆ ಇದೆ. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲಿ ಅವು ಅತಿ ಸೂಕ್ಷ್ಮ ಜಾಗಗಳ ಪಟ್ಟಿಯಲ್ಲಿವೆ. ಆದರೆ ನಾಳೆ ಯಾರೋ ದಿಬ್ಬ ಸಮ ಮಾಡಿ "ಇಲ್ಲಿ ಮೊದಲೂ ಏನೂ ಇರಲಿಲ್ಲ" ಎಂದರೆ, ತೋರಿಸಲು ನಮ್ಮ ಕೈಯಲ್ಲಿ ಹಳೆಯ ಲೆಕ್ಕ ಇರಬೇಕಲ್ವಾ? ಟೇಪು, ಚೌಕಟ್ಟು, ಒಂದು ಜಿಪಿಎಸ್, ಊರಿನವರಿಗೆ ಸರಿಯಾದ ಕೂಲಿ. ಟೀ ಶರ್ಟ್ ಖರ್ಚಲ್ಲೇ ಅರ್ಧ ಬಂದುಬಿಡುತ್ತದೆ.